ಅತ್ತೆಯ ಕಿಟಕಿ, ಅಪ್ಪನ ರಕ್ತ

ನಮ್ಮ ಅತ್ತೆಯ ಮೈಯಲ್ಲಿ ಓಡುತ್ತಿರುವುದು ನಮ್ಮ ಅಪ್ಪನ ರಕ್ತ ಎಂಬ ಸಂಗತಿ ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರಿಗೂ ತಿಂಗಳೊಳಗೆ ಗೊತ್ತಾಗುತ್ತದೆ. ಕೂದಲು ಎಲ್ಲರಿಗೂ ಬೆಳೆಯುತ್ತದೆ, ಬೀದಿಯಲ್ಲಿ ಕ್ಷೌರದಂಗಡಿ ಇರುವುದು ನಮ್ಮದೊಂದೇ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚಿ, ಕೈಯಲ್ಲಿ ಕತ್ತಿ ಹಿಡಿದು ನಿಂತವನ ಮುಂದೆ ಗಿರಾಕಿ ಎಲ್ಲಿಗೆ ಓಡಿಹೋಗುತ್ತಾನೆ? ಕೇಳಲೇಬೇಕು. ನಮ್ಮ ಅಪ್ಪನಿಗೆ ಜನ 'ಮೈಕು' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅತ್ತೆ ಅಪ್ಪನ ಸ್ವಂತ ಅಕ್ಕ. ಅವಳನ್ನು ಬೀದಿ ಕರೆಯುವುದು 'ಕತ್ತರಿ' ಎಂದು, ಕೈಯಲ್ಲಿರುವುದಕ್ಕೂ ಬಾಯಲ್ಲಿರುವುದಕ್ಕೂ ಸೇರಿಸಿ. ಹೊಸ ಬಟ್ಟೆ ಅವಳು ಹೊಲಿಯುವುದಿಲ್ಲ. ಬೇರೆಯವರು ಹೊಲಿದು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುವುದು ಅವಳ ಕೆಲಸ. ಸೊಂಟ ಬಿಗಿಯಾದ ಪ್ಯಾಂಟು, ಅಣ್ಣನಿಂದ ತಮ್ಮನಿಗೆ ಇಳಿದು ಬಂದ ಕೋಟು, ಮೊಣಕಾಲು ಹರಿದ ಸಮವಸ್ತ್ರ ಎಲ್ಲ ಬರುತ್ತಿದ್ದವು. ಹೆಚ್ಚಾಗಿ ಬರುತ್ತಿದ್ದದ್ದು ಕಪ್ಪು ಬಟ್ಟೆ. ವಕೀಲರ ಕೋಟುಗಳು, ದೊಡ್ಡ ಹೋಟೆಲಿನಲ್ಲಿ ಬಡಿಸುವವರ ಪ್ಯಾಂಟುಗಳು, ಬ್ಯಾಂಡಿನವರ ಅಂಗಿಗಳು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹಾಕಿದ ಹೊಲಿಗೆಯನ್ನು ಬಟ್ಟೆಗೆ ಗಾಯವಾಗದಂತೆ ಬಿಚ್ಚಬೇಕಾದರೆ ಹಗಲು ಬೆಳಕು ಬೇಕು. ಟ್ಯೂಬ್‌ಲೈಟ್ ನಡೆಯುವುದಿಲ್ಲ. ಅದಕ್ಕೇ ಅತ್ತೆಗೆ ಕಿಟಕಿ ಪ್ರಾಣ.

ಆ ಕಿಟಕಿಯ ಕತೆ ಇಷ್ಟೇ. ಮನೆಯ ಮುಂದಿನ ಕೋಣೆಯನ್ನು ಅಜ್ಜಿ ಬದುಕಿದ್ದಾಗಲೇ ಪ್ಲೈವುಡ್ ಹಲಗೆ ನಿಲ್ಲಿಸಿ ಇಬ್ಬರಿಗೂ ಪಾಲು ಮಾಡಿದ್ದಳು. "ಬಾಗಿಲು ಅವನಿಗೆ, ಕಿಟಕಿ ಅವಳಿಗೆ. ಇದರ ಮೇಲೆ ಯಾರೂ ಮಾತಾಡಕೂಡದು" ಎಂದಿದ್ದಳು. ಅಪ್ಪನ ಕಡೆ ಎರಡು ಕುರ್ಚಿ, ಎರಡು ಕನ್ನಡಿ. ಅತ್ತೆಯ ಕಡೆ ಕಾಲಿನ ಮೆಷಿನ್ನು, ಇಸ್ತ್ರಿಯ ಮೇಜು, ಬೀದಿಗೆ ತೆರೆದ ಅಗಲವಾದ ಕಿಟಕಿ. ಹಲಗೆಯ ಈ ಕಡೆ ಅಪ್ಪನ ಬಾಯಿ ಓಡುತ್ತಿತ್ತು, ಆ ಕಡೆ ಅತ್ತೆಯ ಮೆಷಿನ್ನು. ಎರಡರಲ್ಲಿ ಮೆಷಿನ್ನಿಗೆ ಮಾತ್ರ ಆಗಾಗ ಎಣ್ಣೆ ಬೇಕಾಗುತ್ತಿತ್ತು.

ನನ್ನ ವಿಷಯ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಸಿಟಿ ಬಸ್ಸಿನ ಕಂಡಕ್ಟರ್. ಜಗಳವಾಡುವುದು ನನಗೆ ಸಂಬಳದ ಕೆಲಸ. ಅಪ್ಪನ ಮೂಗು ನನಗೆ ಬಂದಿದೆ, ಸಿಟ್ಟು ಮಾತ್ರ ಅತ್ತೆಯದು.

ರೋಗ ಬಂದಿರುವುದು ಮೊದಲು ಗೊತ್ತಾದದ್ದು ಅತ್ತೆಯ ಅಳತೆಯ ಟೇಪಿನಿಂದ. ತನ್ನ ಸ್ಕರ್ಟಿನ ಪಕ್ಕದ ಹೊಲಿಗೆಯನ್ನು ಅವಳು ಒಮ್ಮೆ ಬಿಚ್ಚಿ ಸಡಿಲ ಮಾಡಿಕೊಂಡಳು, ಸ್ವಲ್ಪ ದಿನಕ್ಕೆ ಮತ್ತೊಮ್ಮೆ. ಎರಡು ಸಲವೂ ಎಡಗಡೆಯದನ್ನೇ.

"ನೋಡೇ ಇಲ್ಲಿ, ಎಡಗಡೆ ಮಾತ್ರ ದಪ್ಪ ಆಗ್ತಿದೀನಿ. ತಿಂದಿದ್ದೆಲ್ಲ ಒಂದೇ ಕಡೆಗೆ ಹೋಗೋದು ಎಂಥ ಊಟಾನೋ" ಎಂದು ನಕ್ಕಳು. ನಗುವಾಗಲೇ ಏದುಸಿರು ಬಂತು. ಮುಖ ಸುಣ್ಣದ ಹಾಗಿತ್ತು. ಅದೇ ವಾರ ವಕೀಲರೊಬ್ಬರ ಕೋಟಿನ ಮೇಲೆ ತಲೆಯಿಟ್ಟವಳು ಮೇಲೇಳಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸೊಂಟದ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿ ಹೇಳಿದ್ದು ಇದು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಾಗುವ ಜಾಗ. ಅತ್ತೆಯ ಮಜ್ಜೆಗೆ ಒಂದು ಬಗೆಯ ಕ್ಯಾನ್ಸರ್ ಬಂದಿದೆ, ಅದರಿಂದ ಮಜ್ಜೆಯೆಲ್ಲ ನಾರುನಾರಾಗಿ ಗಟ್ಟಿಯಾಗುತ್ತಿದೆ. ರಕ್ತ ಮಾಡುವ ಕೆಲಸ ಗುಲ್ಮದ, ಅಂದರೆ ಸ್ಪ್ಲೀನಿನ, ತಲೆಗೆ ಬಿದ್ದಿದೆ. ಎಡಗಡೆ ಪಕ್ಕೆಯ ಕೆಳಗಿರುವ ಗುಲ್ಮ, ಪಾಪ, ಆಗದ ಕೆಲಸ ಮಾಡಲು ಹೋಗಿ ಊದಿಕೊಂಡಿದೆ. ಸ್ಕರ್ಟು ಬಿಗಿಯಾದದ್ದು ಅದಕ್ಕೆ. ರಕ್ತ ಮಾತ್ರ ಸಾಲುತ್ತಿಲ್ಲ. ಆಗಾಗ ಹೊರಗಿನಿಂದ ಹಾಕಬೇಕು.

"ಮನೆಯವರು ಯಾರಾದ್ರೂ ಬಂದು ರಕ್ತ ಕೊಟ್ರೆ ಒಳ್ಳೇದು" ಎಂದರು.

ನಾನು ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಓಡಿಬಂದಾಗ ಅಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕೈಯಲ್ಲಿ ಹಣ್ಣಿನ ರಸದ ಡಬ್ಬಿ. ಮೊಣಕೈಯ ಮೂಳೆಯ ಮೇಲೆ ಅಗಲವಾದ ಪ್ಲಾಸ್ಟರ್. ಮುಖ ಬಿಳಿಚಿಕೊಂಡಿತ್ತು.

"ಕೊಟ್ಟೆ ಕಣಮ್ಮಾ" ಎಂದ, ಕಣ್ಣು ಮುಚ್ಚಿಕೊಂಡು. "ಒಡಹುಟ್ಟಿದವಳು. ಕೊಡದೆ ಇರೋಕಾಗತ್ತಾ?"

ನನಗೆ ಆವತ್ತು ಅಪ್ಪನ ಮೇಲೆ ನಿಜವಾಗಿ ಪ್ರೀತಿ ಉಕ್ಕಿತು. ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದೆ. ಈಗ ನೆನೆದರೆ ನನ್ನ ಕೈಯ ಮೇಲೇ ನನಗೆ ಸಿಟ್ಟು ಬರುತ್ತದೆ.

ಆ ಪ್ಲಾಸ್ಟರ್ ಎರಡು ವಾರ ಅಪ್ಪನ ಕೈಯ ಮೇಲಿತ್ತು. ಕೊಳೆಯಾದರೆ ಹೊಸದು ಹಾಕಿಕೊಳ್ಳುತ್ತಿದ್ದ. ಅಂಗಿಯ ತೋಳು ಮಡಚಿ, ಗಿರಾಕಿಯ ಕಿವಿಯ ಪಕ್ಕಕ್ಕೇ ಮೊಣಕೈ ಬರುವಂತೆ ನಿಂತು ಕತೆ ಶುರುಮಾಡುತ್ತಿದ್ದ. "ಅಕ್ಕ ಈವತ್ತು ನಡೆದಾಡ್ತಿದಾಳೆ ಅಂದ್ರೆ ಯಾರಿಂದ ಅಂತೀರಿ?" ಮೊದಮೊದಲು ಅದು ಒಂದು ಬಾಟಲಿ ಆಗಿತ್ತು, ಆಮೇಲೆ ಎರಡಾಯಿತು. ಕೊನೆಗೆ ಡಾಕ್ಟರೇ ಸಾಕು ಸಾಕು ಎಂದರೂ ಇವನೇ ಇನ್ನೂ ತೆಗೀರಿ ಎಂದನಂತೆ. ಹಲಗೆಯ ಆ ಕಡೆ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಕೂತಿರುತ್ತಿದ್ದಳು. ಬೀದಿಗೆ ಇಳಿದರೆ ಜನ ಅವಳ ಕ್ಷೇಮ ವಿಚಾರಿಸುತ್ತಿರಲಿಲ್ಲ. "ಎಂಥ ತಮ್ಮನ್ನ ಪಡೆದಿದೀರಮ್ಮ!" ಎನ್ನುತ್ತಿದ್ದರು. ಅತ್ತೆ ಹಲ್ಲು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದಳು. ಉಪಕಾರ ಉಪಕಾರವೇ ತಾನೆ.

ಆಮೇಲೆ ಅಪ್ಪ ಕಿಟಕಿ ಕೇಳಿದ.

ಮೂರನೆಯ ಕುರ್ಚಿ ಹಾಕಬೇಕು, ಜಾಗ ಸಾಲದು, ಬೀದಿಯಲ್ಲಿ ಹೋಗುವವರಿಗೆ ಅಂಗಡಿ ಕಾಣಬೇಕು ಎಂದು ಅವನ ವಾದ. ಅತ್ತೆಯನ್ನು ನೇರವಾಗಿ ಕೇಳುವ ಧೈರ್ಯ ಇರಲಿಲ್ಲ. ಅಜ್ಜಿಯ ತಮ್ಮ, ಅಂದರೆ ಇಬ್ಬರಿಗೂ ಸೋದರಮಾವ, ಅವರನ್ನು ಕರೆಸಿ ಕೂರಿಸಿದ. ಅತ್ತೆ ಆವತ್ತಷ್ಟೇ ಆಸ್ಪತ್ರೆಯಿಂದ ಬಂದಿದ್ದಳು, ಗೋಡೆ ಹಿಡಿದು ಕೂತಿದ್ದಳು.

ಮಾವಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ರಕ್ತ ಕೊಟ್ಟು ಉಳಿಸಿದ ತಮ್ಮನಿಗೆ ಒಂದು ಕಿಟಕಿ ಬಿಟ್ಟುಕೊಡೋಕೆ ಆಗಲ್ವೇನೆ ನಿಂಗೆ?"

"ಕಿಟಕಿ ಇಲ್ದಿದ್ರೆ ಕಪ್ಪು ಬಟ್ಟೆ ಹೆಂಗೆ ಬಿಚ್ಚಲಿ ಮಾವ?"

"ಇನ್ನೂ ಎಷ್ಟು ದಿನ ಹೊಲೀತೀಯಾ, ಈ ಮೈಯಿಟ್ಕೊಂಡು?"

ಆ ಮಾತಿಗೆ ನಾನು ಎದ್ದು ನಿಂತೆ. ಅಮ್ಮ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದಳು. ಅತ್ತೆ ಅಪ್ಪನ ಮುಖ ನೋಡಿದಳು. ಅವನಾದರೂ 'ಹಂಗನ್ನಬೇಡಿ ಮಾವ' ಎನ್ನುತ್ತಾನೇನೋ ಎಂದು ಕಾದಳು. ಅಪ್ಪ ತನ್ನ ಮೊಣಕೈ ಸವರಿಕೊಳ್ಳುತ್ತ ಸೂರು ನೋಡುತ್ತಿದ್ದ.

"ತಗೊಳ್ಳಲಿ" ಎಂದಳು ಅತ್ತೆ.

ಅಪ್ಪ ಪ್ಲೈವುಡ್ ಹಲಗೆ ಕೀಳಿಸಿದ. ಮೆಷಿನ್ನನ್ನು ಹಿಂದಿನ ಕೋಣೆಗೆ ಸಾಗಿಸಿದವಳು ನಾನೇ. ನೀರಿನ ಡ್ರಮ್ಮು, ಹಳೆ ಟ್ರಂಕುಗಳ ನಡುವೆ ಒಂದು ಟ್ಯೂಬ್‌ಲೈಟಿನ ಕೆಳಗೆ. ಮೊದಲ ವಾರವೇ ಒಂದು ಕಪ್ಪು ಕೋಟಿನ ಹೊಲಿಗೆ ಬಿಚ್ಚುವಾಗ ಬ್ಲೇಡು ಬಟ್ಟೆಗೇ ಇಳಿಯಿತು. ಇಷ್ಟು ವರ್ಷದಲ್ಲಿ ಹಾಗಾದದ್ದೇ ಇಲ್ಲ. ಕೋಟಿನವರು ಬಂದು ಕೂಗಾಡಿ ಹೋದರು. ಅವರು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿದ್ದವು.

"ಒಂದು ಹೇಳ್ತೀನಿ ಕೇಳೇ. ಸಾಯೋಕೆ ಮುಂಚೆ ಅವನ ರಕ್ತ ಒಂದು ತೊಟ್ಟೂ ಬೇಡ ಅಂತ ನಿಂತ್ಕೊಂಡು ತೋರಿಸ್ಬೇಕು. ಕಿಟಕೀನ ಅವನ ಕೈಯಿಂದಲೇ ವಾಪಸ್ ತಗೋಬೇಕು. ಅಲ್ಲೀವರೆಗೂ ನನಗೆ ಸಾವೂ ಬೇಡ."

ಸಾಯುವವರು ಯಾವುಯಾವುದಕ್ಕೋ ಜೀವ ಹಿಡಿದುಕೊಳ್ಳುತ್ತಾರಂತೆ. ನಮ್ಮ ಅತ್ತೆ ಸೇಡಿಗೆ ಹಿಡಿದುಕೊಂಡಳು. ನನಗೆ ಅದು ತುಂಬ ಸರಿಯೆನಿಸಿತು.

ಆದರೆ ರಕ್ತ ಹಾಕಿಸಿಕೊಳ್ಳದೆ ಗತಿಯಿರಲಿಲ್ಲ. ತಿಂಗಳು ತುಂಬುವ ಮೊದಲೇ ಉಸಿರು ಕಟ್ಟುತ್ತಿತ್ತು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಮತ್ತೆ ಆಸ್ಪತ್ರೆ. ಅವಳು ಹೋಗಿಬಂದಾಗಲೆಲ್ಲ, ಹಾಕಿದ್ದೆಲ್ಲ ತನ್ನದೇ ರಕ್ತ ಎಂಬಂತೆ, ಅಂಗಡಿಯಲ್ಲಿ ಅಪ್ಪನ ಕತೆಗೆ ಹೊಸ ನೊರೆ ಏಳುತ್ತಿತ್ತು. ಊದಿದ ಗುಲ್ಮ ಕುಗ್ಗಲು ಒಂದು ಮಾತ್ರೆ ಇದೆಯಂತೆ, ಆದರೆ ಅದು ಇರುವ ರಕ್ತವನ್ನೂ ಇಳಿಸಿಬಿಡುತ್ತದಂತೆ. ಅತ್ತೆಯಂಥವರಿಗೆ ಅದನ್ನು ಕೊಡಲು ಡಾಕ್ಟರಮ್ಮನಿಗೆ ಅಷ್ಟು ಮನಸ್ಸಿರಲಿಲ್ಲ.

ಒಂದು ದಿನ ಅವರೇ ಹೊಸ ಔಷಧಿಯ ವಿಷಯ ಎತ್ತಿದರು.

"ಗುಲ್ಮಾನೂ ಕುಗ್ಗಿಸಿ ರಕ್ತಾನೂ ಉಳಿಸಬಹುದು ಅಂತ ಒಂದು ಔಷಧಿ ಬಂದಿದೆ. ಉಳಿಸತ್ತೋ ಇಲ್ವೋ ಅಂತ ಈಗ ಪರೀಕ್ಷೆ ನಡೀತಿದೆ. ನೀವು ಸೇರಬಹುದು. ಆದ್ರೆ ಕೇಳಿ, ಕೆಲವರಿಗೆ ಹೊಸದು, ಕೆಲವರಿಗೆ ಹಳೇದು. ನೋಡೋಕೆ ಎಲ್ಲರ ಮಾತ್ರೆಗಳೂ ಒಂದೇ ಥರ. ನಿಮಗೆ ಯಾವುದು ಬಂತು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ತೊಂದರೇನೂ ಆಗಬಹುದು. ಬೇಡ ಅನಿಸಿದ ದಿನ ಬಿಟ್ಟುಬಿಡಬಹುದು."

"ಕೆಲಸ ಮಾಡ್ತು ಅಂತ ಹೆಂಗೆ ತಿಳ್ಕೋತೀರಿ?" ಅತ್ತೆ ಕೇಳಿದಳು.

"ಗುಲ್ಮ ಅಳೀತೀವಿ. ಅದಕ್ಕಿಂತ ಮುಖ್ಯ, ಹನ್ನೆರಡು ವಾರ ರಕ್ತ ಹಾಕಿಸಿಕೊಳ್ಳೋ ಪ್ರಮೇಯಾನೇ ಬರಬಾರದು. ಆಗ ಗೆದ್ದ ಹಾಗೆ."

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಯಾರ ರಕ್ತಾನೂ ಇಲ್ದೆ?"

"ಯಾರದೂ ಇಲ್ದೆ."

"ಎಲ್ಲಿ ಸಹಿ ಹಾಕಲಿ?"

"ಅವಸರ ಬೇಡಮ್ಮ. ಮನೆಗೆ ಹೋಗಿ ಯೋಚ್ನೆ ಮಾಡಿ. ಯಾಕೆ ಸೇರಬೇಕು ಅನ್ನೋದು ನಿಮಗೇ ಸ್ಪಷ್ಟ ಇರಬೇಕು."

"ಸ್ಪಷ್ಟ ಇದೆ ಡಾಕ್ಟ್ರೆ. ನನ್ನ ತಮ್ಮನ ಬಾಯಿ ಮುಚ್ಚಿಸಬೇಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಹೀಗೆ ಮಾತ್ರೆ ಶುರುವಾಯಿತು. ನನ್ನ ರಜೆಯ ದಿನಕ್ಕೆ ಹೊಂದಿಸಿ ಆಸ್ಪತ್ರೆಗೆ ಹೋಗುತ್ತಿದ್ದೆವು. ನರ್ಸ್ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದಳು. ಡಾಕ್ಟರಮ್ಮ ಪಕ್ಕೆಯ ಕೆಳಗೆ ಬೆರಳೊತ್ತಿ ಗುಲ್ಮದ ಅಂಚು ಹುಡುಕುತ್ತಿದ್ದರು. ಬರುವ ದಾರಿಯಲ್ಲಿ ಅತ್ತೆ ಬಸ್ಸಿನ ಕಿಟಕಿಯ ಪಕ್ಕ ಕೂತು ಬೆಳಕಿಗೆ ಕೈಹಿಡಿದು ಉಗುರುಗಳ ಬಣ್ಣ ನೋಡಿಕೊಳ್ಳುತ್ತಿದ್ದಳು. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯದರಲ್ಲಿ ರಕ್ತ ಹಾಕಿಸಿಕೊಳ್ಳುವ ದಿನ ಮುಂದೆ ಹೋಯಿತು, ಇನ್ನೂ ಮುಂದೆ ಹೋಯಿತು. ಅತ್ತೆಯ ನಡಿಗೆಯಲ್ಲಿ ಜಂಭ ಬಂತು. ಹಿಂದಿನ ಕೋಣೆಯಿಂದ ಅಂಗಡಿಯ ಗೋಡೆಗೆ ಕಿವಿಗೊಟ್ಟು, ಅಪ್ಪ ಕತೆ ಹೇಳುವುದನ್ನು ಕೇಳಿ, "ಕೂಗಪ್ಪ ಕೂಗು, ಇನ್ನೆಷ್ಟು ದಿನ" ಎಂದು ಗೊಣಗುತ್ತಿದ್ದಳು.

ಅಷ್ಟರಲ್ಲಿ ಮತ್ತೆ ಏದುಸಿರು ಬಂತು.

ಅತ್ತೆ ಅದನ್ನು ನನ್ನಿಂದಲೂ ಮುಚ್ಚಿಟ್ಟಳು. ಬಟ್ಟೆಯ ಕೆಲಸದವಳಲ್ಲವೇ, ಮುಖದ ಹತ್ತಿರ ಯಾವ ಬಣ್ಣ ಇಟ್ಟರೆ ಮುಖಕ್ಕೆ ಯಾವ ಕಳೆ ಬರುತ್ತದೆಂದು ಅವಳಿಗೆ ಗೊತ್ತು. ಆ ಸಲ ಆಸ್ಪತ್ರೆಗೆ ಹೊರಡುವಾಗ ಕುತ್ತಿಗೆಗೆ ಕಡುಗೆಂಪು ಸ್ಕಾರ್ಫ್ ಸುತ್ತಿಕೊಂಡಳು. ಕೆನ್ನೆ ಚಿವುಟಿಕೊಂಡಳು. ಕಾರಿಡಾರಿನಲ್ಲಿ ನನ್ನ ತೋಳು ಹಿಡಿಯದೆ ನಡೆದಳು, ತುಟಿ ಕಚ್ಚಿಕೊಂಡು.

ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಪರೀಕ್ಷೆಯ ಫಲಿತಾಂಶ ನೋಡಿ, ಸ್ಕಾರ್ಫ್ ನೋಡಿದರು. "ಇದು ರೆಪ್ಪೆಯ ಒಳಗಡೆ ಬಣ್ಣ ಹಚ್ಚಲ್ಲಮ್ಮ. ಹಿಮೋಗ್ಲೋಬಿನ್ ತೀರ ಇಳಿದಿದೆ. ಇವತ್ತು ಒಂದು ಬಾಟಲಿ ಹಾಕಲೇಬೇಕು."

"ಬೇಡ."

"ಎದೆ ಡವಗುಟ್ತಿದೆ ನಿಮಗೆ, ನನಗೆ ಕೇಳಿಸ್ತಿದೆ."

"ಡವಗುಟ್ಲಿ. ಇಷ್ಟು ವಾರ ತಡ್ಕೊಂಡಿದೀನಿ. ಇನ್ನು ಸ್ವಲ್ಪ ದಿನ ತಡ್ಕೊಂಡ್ರೆ ಹನ್ನೆರಡಾಗತ್ತೆ. ಈಗ ಹಾಕಿಸ್ಕೊಂಡ್ರೆ ಮತ್ತೆ ಮೊದಲಿಂದ ಎಣಿಸ್ಬೇಕು ತಾನೆ?"

"ಹೌದು, ಮೊದಲಿಂದ." ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು. "ಬೇಡ ಅನ್ನೋ ಹಕ್ಕು ನಿಮಗಿದೆ, ಬಲವಂತ ಮಾಡಲ್ಲ. ಆದ್ರೆ ಬೇಕಾದಾಗ ಹಾಕಿಸಿಕೊಳ್ಳದೆ ಇದ್ರೆ, ಕೆಲಸ ಮಾಡಿದ್ದು ಮಾತ್ರೇನೋ ನಿಮ್ಮ ಹಠಾನೋ ಯಾರಿಗೆ ಗೊತ್ತಾಗತ್ತೆ? ನಾಳೆ ನಿಮ್ಮಂಥ ಇನ್ನೊಬ್ಬ ಹೆಂಗಸಿಗೆ, ಇದು ರಕ್ತ ಉಳಿಸತ್ತೆ ಅಂತ ಹೇಳಿ ಮಾತ್ರೆ ಕೊಡ್ತಾರೆ. ಅವಳಿಗೆ ನಿಮ್ಮಷ್ಟು ಹಠ ಇರತ್ತಾ?"

ಅತ್ತೆ ಸ್ಕಾರ್ಫಿನ ಅಂಚು ತಿರುವಿ ನೋಡಿದಳು. ಕೆಲವು ದರ್ಜಿಗಳು ಮಡಿಕೆಯ ಒಳಗೆ ಪಿನ್ನು ಚುಚ್ಚಿ ಹೊಲಿಗೆ ಎಂದು ಹೇಳಿ ಕಳಿಸುತ್ತಾರೆ. ಅಂಥ ಬಟ್ಟೆ ಕೈಗೆ ಬಂದರೆ ಅತ್ತೆ ಆ ದರ್ಜಿಯ ಏಳು ತಲೆಮಾರನ್ನು ಬೈಯುತ್ತಿದ್ದಳು. ಅದೇ ನೆನಪಾಗಿರಬೇಕು.

"ಪಿನ್ನು ಚುಚ್ಚಿ ಹೊಲಿಗೆ ಅನ್ನೋ ಕೆಲಸ ನನ್ನಿಂದ ಆಗಲ್ಲ" ಎಂದಳು ಕೊನೆಗೆ. "ಹಾಕಿ ಬಾಟ್ಲಿ." ಹೇಳಿ ಮುಖ ಗೋಡೆಗೆ ತಿರುಗಿಸಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ನಾನು ಮನೆಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ತಿಳಿಸಿದೆ. ಮೈಕಿಗೆ ಅಷ್ಟು ಸಾಕಾಯಿತು. ಅಂಗಡಿ ಅರ್ಧಕ್ಕೆ ಬಿಟ್ಟು, ಕಾಯಂ ಗಿರಾಕಿಗಳಿಬ್ಬರನ್ನು ಜೊತೆಗೆ ಕಟ್ಟಿಕೊಂಡು ಆಸ್ಪತ್ರೆಗೆ ಬಂದ. "ನಾನಿರೋವಾಗ ನನ್ನ ಅಕ್ಕನಿಗೆ ರಕ್ತ ಕಮ್ಮಿ ಆಗತ್ತಾ?" ಎಂದು ಗೇಟಿನಿಂದಲೇ ಶುರು. ಅವರಿಬ್ಬರನ್ನೂ ಹೊರಗೆ ನಿಲ್ಲಿಸಿ ತಾನು ಎದೆ ಸೆಟೆಸಿ ರಕ್ತನಿಧಿಯ ಒಳಗೆ ಹೋದ.

ನಾನು ಆಗಲೇ ಒಳಗಿದ್ದೆ. ಅತ್ತೆಯ ಬಾಟಲಿಗೆ ಚೀಟಿ ಕೊಟ್ಟು, ಪರದೆಯ ಈಚೆ ಬೆಂಚಿನಲ್ಲಿ ಕಾಯುತ್ತಿದ್ದೆ. ಅಪ್ಪನಿಗೆ ನಾನು ಕಾಣಿಸಲಿಲ್ಲ. ಪರದೆಯ ಆಚೆ ಅಲ್ಲಿನ ಕೆಲಸದಾಕೆ ಗಟ್ಟಿಯಾಗಿ ನಕ್ಕಳು.

"ಅಯ್ಯೋ, ಮತ್ತೆ ನೀವಾ! ಹೋದ ಸಲ ಪರೀಕ್ಷೆಗೆ ಬೆರಳು ಚುಚ್ಚಿದ್ದಕ್ಕೇ ತಲೆ ತಿರುಗಿ ಬಿದ್ದು ಮೊಣಕೈ ಕೆತ್ತಿಸ್ಕೊಂಡ್ರಲ್ಲ, ಗಾಯ ವಾಸಿಯಾಯ್ತಾ? ಬಿಪಿ ಬೇರೆ ಅಷ್ಟೊಂದಿತ್ತು. ಬನ್ನಿ, ಕೈ ಕೊಡಿ, ನೋಡೋಣ."

ಕೈಪಟ್ಟಿಯಲ್ಲಿ ಗಾಳಿ ತುಂಬುವ ಸದ್ದು. ಆಮೇಲೆ ಗಾಳಿ ಇಳಿಯುವ ಸದ್ದು.

"ಈಗಲೂ ಹಂಗೇ ಇದೆ. ನಿಮ್ಮಿಂದ ಆವತ್ತೂ ತಗೊಂಡಿಲ್ಲ, ಇವತ್ತೂ ತಗೊಳ್ಳೋಕಾಗಲ್ಲ. ಮೊದಲು ನಿಮ್ಮ ಬಿಪಿ ತೋರಿಸ್ಕೊಳ್ಳಿ. ಸಂಕೋಚ ಯಾಕೆ, ಎಷ್ಟೋ ಜನಕ್ಕೆ ಹಿಂಗೇ ಇರತ್ತೆ."

"ಒಂದು ಚೂರು ಹತ್ತಿ ಸಿಗತ್ತಾ?" ಎಂದ ಅಪ್ಪ, ಮೆಲ್ಲಗೆ.

"ಯಾಕೆ?"

"ಸುಮ್ನೆ, ಕಿವಿಗೆ."

ಹೊರಗೆ ಬಂದಾಗ ಅಪ್ಪನ ಕೈ ಮಡಚಿತ್ತು, ಮೊಣಕೈಯ ಒಳಗಡೆ ಹತ್ತಿ ಒತ್ತಿಕೊಂಡಿದ್ದ. ಈ ಸಲ ಸರಿಯಾದ ಕಡೆ. ಗಿರಾಕಿಗಳಿಬ್ಬರೂ ಎರಡು ಕಡೆಯಿಂದ ಅವನ ತೋಳು ಹಿಡಿದು ನಡೆಸಿಕೊಂಡು ಹೋದರು.

ಮೊಣಕೈಯ ಮೂಳೆಯ ಮೇಲಿನ ಆ ಪ್ಲಾಸ್ಟರನ್ನು ಎರಡು ವಾರ ನೋಡಿದ್ದೆ. ರಕ್ತ ತೆಗೆಯುವುದು ಮೊಣಕೈಯ ಒಳಗಡೆಯಿಂದ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಜನರ ಕೈಯೆತ್ತಿ ಎತ್ತಿ ಅಳತೆ ತೆಗೆಯುವ ಅತ್ತೆಗೂ ಹೊಳೆಯಲಿಲ್ಲ. ಹಿಂದೆ ಓಡಿಹೋಗಿ, ಆ ಹತ್ತಿ ಕಿತ್ತು, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಉಗಿಯಬೇಕೆನಿಸಿತು. ಆದರೆ ಮೊದಲು ಕೇಳುವ ಹಕ್ಕು ಅತ್ತೆಯದು.

ವಾರ್ಡಿಗೆ ಬಾಟಲಿ ತಂದುಕೊಟ್ಟು, ಅದನ್ನು ಅತ್ತೆಗೆ ಏರಿಸುವವರೆಗೆ ಕಾದೆ. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಒಂದೂ ಬಿಡದೆ ಹೇಳಿದೆ. ಅತ್ತೆ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ತಲೆಯೆತ್ತಿ ಕೊಳವೆಯಲ್ಲಿ ಇಳಿಯುತ್ತಿದ್ದ ಕೆಂಪು ಹನಿ ನೋಡಿದಳು.

"ಹಂಗಾದ್ರೆ ಇದು ಯಾರದೇ?"

"ಯಾರದೋ. ಯಾರೋ ಬಂದು ಕೊಟ್ಟು ಹೋಗಿರ್ತಾರೆ."

"ಇಷ್ಟು ದಿನ ಹಾಕಿದ್ದೂ?"

"ಅದೂ ಯಾರದೋ."

"ಹೆಸರು ಕೂಡ ಹೇಳದೆ ಕೊಟ್ಟು ಹೋದರು" ಎಂದಳು ಅತ್ತೆ. ಆಮೇಲೆ ನಗಲು ಶುರುಮಾಡಿದಳು. ಮಂಚ ಅಲ್ಲಾಡುವ ಹಾಗೆ, ಸೂಜಿ ಹಾಕಿದ ಕೈ ಅಲ್ಲಾಡದ ಹಾಗೆ ನಕ್ಕಳು. ನಗು ನಿಂತಾಗ ಅವಳ ಮುಖ ನೋಡಿ ನನಗೇ ಹೆದರಿಕೆಯಾಯಿತು.

"ಒಂದು ಡಬ್ಬಿ ಜೂಸು ಕುಡಿದು ನನ್ನ ಕಿಟಕಿ ಹೊಡ್ಕೊಂಡ."

"ಇವತ್ತೇ ಬೀದೀಲಿ ನಿಲ್ಲಿಸಿ ಮರ್ಯಾದೆ ಕಳೀತೀನಿ ಅತ್ತೆ. ನೀನು ಹೂಂ ಅನ್ನು ಸಾಕು."

"ತೆಪ್ಪಗಿರು. ಈಗ ಹೇಳಿದ್ರೆ ರೋಗಿಷ್ಟೆ ಏನೋ ಬಡಬಡಿಸ್ತಾಳೆ ಅಂತಾರೆ, ಅವನು ಅತ್ತು ಕರೆದು ಗೆಲ್ತಾನೆ. ನನ್ನ ಕಾಲ ಮೇಲೆ ನಾನು ನಿಲ್ಲಬೇಕು ಮೊದಲು. ಮತ್ತೆ ಮೊದಲಿಂದ ಎಣಿಸೋಣ. ಅಲ್ಲೀತನಕ ನೀನು ತುಟಿ ಪಿಟಕ್ ಅಂದ್ರೆ ನೋಡು."

ಬಸ್ಸಿನಲ್ಲಿ ಇಡೀ ದಿನ ಬಾಯಿ ಮಾಡುವವಳಿಗೆ ಇದು ಎಂಥ ಶಿಕ್ಷೆ ಎಂದು ಹೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಅಪ್ಪ ಎದುರು ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಅವನು ಎರಡನೆಯ ಸಲದ ಕತೆಯನ್ನು ಮೊದಲನೆಯದರ ಮೇಲೆ ಪೇರಿಸಿ ಹೇಳುತ್ತಿದ್ದ. ಅತ್ತೆ ಮಾತ್ರೆ ನುಂಗುತ್ತಿದ್ದಳು, ಉಗುರು ನೋಡಿಕೊಳ್ಳುತ್ತಿದ್ದಳು, ಟ್ಯೂಬ್‌ಲೈಟಿನ ಕೆಳಗೆ ತಿಳಿ ಬಣ್ಣದ ಬಟ್ಟೆಗಳನ್ನಷ್ಟೇ ಹೊಲಿಯುತ್ತಿದ್ದಳು. ಆಸ್ಪತ್ರೆಗೆ ಹೋದಾಗ ತಾನಾಗಿಯೇ ರೆಪ್ಪೆ ಎಳೆದು ತೋರಿಸುತ್ತಿದ್ದಳು. ಸುಸ್ತಾದರೆ ಸುಸ್ತು ಎಂದಳು, ಹೊಟ್ಟೆ ತೊಳಸಿದರೆ ಅದನ್ನೂ ಹೇಳಿದಳು. ಕೆಂಪು ಸ್ಕಾರ್ಫನ್ನು ಕತ್ತರಿಸಿ ಇಸ್ತ್ರಿ ಒರೆಸುವ ಬಟ್ಟೆ ಮಾಡಿಕೊಂಡಳು.

ಈ ಸಲ ಹಿಮೋಗ್ಲೋಬಿನ್ ಮೊದಲು ಇಳಿಯದೆ ನಿಂತಿತು, ಆಮೇಲೆ ನಿಧಾನವಾಗಿ ಮೇಲೆ ಹತ್ತಿತು. ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅತ್ತೆ ತನ್ನ ಹಳೆಯ ಸ್ಕರ್ಟು ತೊಡೆಯ ಮೇಲೆ ಹರಡಿಕೊಂಡು, ಎಡಗಡೆ ತಾನೇ ಬಿಚ್ಚಿದ್ದ ಹೊಲಿಗೆಯನ್ನು ಮತ್ತೆ ಒಳಗೆ ಹಿಡಿದು ಹೊಲಿಯುತ್ತಿದ್ದಳು.

"ಸಡಿಲ ಆಗೋಯ್ತು ಕಣೇ" ಎಂದಳು, ತಲೆ ಎತ್ತದೆ.

ಹನ್ನೆರಡು ವಾರ ತುಂಬಿದ ದಿನ ಡಾಕ್ಟರಮ್ಮ ಅತ್ತೆಯ ಕೈ ಕುಲುಕಿದರು. ನಿಮಗೆ ಬಂದದ್ದು ಹೊಸದೋ ಹಳೆಯದೋ ಈಗಲೂ ತಿಳಿಯದು, ಪರೀಕ್ಷೆ ಪೂರ್ತಿ ಮುಗಿದ ಮೇಲೇ ತಿಳಿಯುವುದು ಎಂದರು. ಇದು ವಾಸಿಯಾದಂತಲ್ಲ, ಮುಂದೆ ಮತ್ತೆ ರಕ್ತ ಬೇಕಾಗಲೂಬಹುದು, ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆಂದೂ ಅಲ್ಲ ಎಂದರು. ಎಲ್ಲ ಹೇಳಿ ಮುಗಿಸಿ, "ತಮ್ಮನ ಬಾಯಿ ಮುಚ್ಚಿಸಿ ಹೋಗಿ" ಎಂದು ನಕ್ಕರು.

ಮರುದಿನ ಭಾನುವಾರ. ಅಂಗಡಿಯ ಮೂರು ಕುರ್ಚಿಗಳೂ ತುಂಬಿದ್ದವು, ಬೆಂಚಿನ ಮೇಲೆ ಕಾಯುವವರು ಬೇರೆ. ಆಸ್ಪತ್ರೆಗೆ ಜೊತೆಗೆ ಬಂದಿದ್ದ ಆ ಇಬ್ಬರೂ ಇದ್ದರು. ಅತ್ತೆ ಒಳಬಾಗಿಲಿನಿಂದ ನಡೆದು ಬಂದಳು, ಯಾವ ಗೋಡೆಯನ್ನೂ ಹಿಡಿಯದೆ. ಹಿಂದೆ ನಾನು.

ಅಪ್ಪ ಕತ್ತಿ ಎತ್ತಿ ಹಿಡಿದು ತೋರಿಸಿದ. "ನೋಡ್ರಪ್ಪ, ನೋಡಿ ನಮ್ಮಕ್ಕನ ಮುಖದ ಕಳೆ! ಯಾರ ರಕ್ತ ಅದು?"

ಬೆಂಚಿನವರು ಭೇಷ್ ಭೇಷ್ ಎಂದರು.

ಅತ್ತೆ ನೇರ ಅಪ್ಪನ ಹತ್ತಿರ ಹೋಗಿ ಅವನ ಬಲಗೈ ಹಿಡಿದುಕೊಂಡಳು. ತೋಳಿನ ಅಳತೆ ತೆಗೆಯುವವಳ ಹಾಗೆ ನೀಟಾಗಿ ಚಾಚಿ, ಮೊಣಕೈಯ ಒಳಗಡೆ ಹೆಬ್ಬೆರಳಿಂದ ಸವರಿದಳು.

"ಎಷ್ಟು ನುಣ್ಣಗಿದೆ ನೋಡಿ. ಅಷ್ಟೊಂದು ರಕ್ತ ಕೊಟ್ರೂ ಸೂಜಿಯ ಒಂದು ಗುರುತೂ ಇಲ್ಲ, ಪುಣ್ಯಾತ್ಮ." ಆಮೇಲೆ ಕೈಯನ್ನು ಮೆಲ್ಲಗೆ ಮಗುಚಿದಳು. ಮೊಣಕೈಯ ಮೂಳೆಯ ಮೇಲೆ ಕೆತ್ತಿದ ಗಾಯದ ಬಿಳಿ ಕಲೆ. ಅದರ ಮೇಲೆ ಬೆರಳಿಟ್ಟಳು. "ಇದೇನಪ್ಪ ಇದು? ಎಲ್ಲಾದ್ರೂ ಬಿದ್ದಿದ್ಯಾ?"

ಅಂಗಡಿಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಅಪ್ಪನಿಗೆ ಅರ್ಥವಾಯಿತು. ಅವನು ಅತ್ತೆಯ ಮುಖ ನೋಡಿದ, ಅವಳ ಹೆಗಲ ಮೇಲಿಂದ ನನ್ನ ಮುಖ ನೋಡಿದ. ನಾನು ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುವವಳ ಹಾಗೆ ಬೆರಳು ಆಡಿಸಿದೆ. ನೊರೆ ಹಚ್ಚಿಸಿಕೊಂಡ ಗಿರಾಕಿಗಿಂತ ಅವನ ಮುಖ ಬೆಳ್ಳಗಾಯಿತು.

"ಅಕ್ಕಾ..."

"ಕಿಟಕಿ" ಎಂದಳು ಅತ್ತೆ. ಅಷ್ಟೇ.

ಅಪ್ಪ ಕತ್ತಿ ಕೆಳಗಿಟ್ಟ. ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಎಬ್ಬಿಸಿ, ಕುರ್ಚಿಯನ್ನು ತಾನೇ ಎಳೆದು ಆಚೆಗಿಟ್ಟ. ಹಿಂದಿನ ಕೋಣೆಗೆ ಹೋಗಿ ಮೆಷಿನ್ನನ್ನು ತಾನೇ ಹೊತ್ತು ತಂದ, ಯಾರ ಕೈಯನ್ನೂ ಮುಟ್ಟಿಸದೆ. ಬೆಂಚಿನವರು ಇದನ್ನೂ ಭೇಷ್ ಎಂದರು. ಎಂಥ ತಮ್ಮ!

ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಒಳಗೆ ಬಂದ ಮೇಲೆ ಅತ್ತೆಯ ಮೇಲೆ ಹರಿಹಾಯ್ದೆ. "ಅಷ್ಟು ಜನ ಇದ್ರಲ್ಲ, ಬಾಯಿ ಬಿಟ್ಟು ಹೇಳಬಾರದಿತ್ತಾ? 'ಇವನು ಸುಳ್ಳ' ಅಂತ?"

"ಹೇಳಿಬಿಟ್ರೆ ಒಂದು ದಿನಕ್ಕೆ ಮುಗೀತಿತ್ತು" ಎಂದಳು ಅತ್ತೆ. "ಜನ ಒಂದು ವಾರ ನಗ್ತಿದ್ರು, ಆಮೇಲೆ ಮರೀತಿದ್ರು. ಹೇಳದೆ ಇದ್ರೆ ದಿನಾ ಇರತ್ತೆ."

ಆಗ ಅದು ನನಗೆ ತಿಳಿಯಲಿಲ್ಲ. ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಪ್ಲೈವುಡ್ ಹಲಗೆಯನ್ನು ಮತ್ತೆ ನಿಲ್ಲಿಸಲು ಅತ್ತೆ ಒಪ್ಪಲಿಲ್ಲ. "ಇರಲಿ ಬಿಡು, ಗಾಳಿ ಬರತ್ತೆ" ಎಂದಳು. ಹಾಗಾಗಿ ಈಗ ಅಂಗಡಿಯ ಒಂದು ಮೂಲೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಕಪ್ಪು ಕೋಟು ತೊಡೆಯ ಮೇಲಿಟ್ಟುಕೊಂಡು ಅವಳು ಮೆಷಿನ್ನು ಓಡಿಸುತ್ತಿರುತ್ತಾಳೆ. ಗಿರಾಕಿಗಳು ಬರುತ್ತಾರೆ. ಅಕ್ಕನನ್ನು ಇಲ್ಲೇ ಕಂಡು ತಾವಾಗಿಯೇ ಕೇಳುತ್ತಾರೆ, "ಇವರಿಗೇ ಅಲ್ವಾ ನೀವು ರಕ್ತ ಕೊಟ್ಟಿದ್ದು?" ಅಪ್ಪ ಬಾಯಿ ತೆರೆಯುತ್ತಾನೆ. ತಕ್ಷಣ ಮೆಷಿನ್ನು ನಿಲ್ಲುತ್ತದೆ. ಅತ್ತೆ ತಿರುಗಿ ನೋಡುವುದೂ ಇಲ್ಲ. ಕಾಲು ಮಾತ್ರ ಪೆಡಲಿನ ಮೇಲೆ ನಿಂತಿರುತ್ತದೆ. ಅಪ್ಪನ ಬಾಯಿ ಮುಚ್ಚಿಕೊಳ್ಳುತ್ತದೆ. ಮೆಷಿನ್ನು ಮತ್ತೆ ಓಡುತ್ತದೆ.

ಕೆಲವು ಗಿರಾಕಿಗಳು ಬಿಡುವುದಿಲ್ಲ. "ಹೇಳಿ ಹೇಳಿ, ಎಷ್ಟು ಬಾಟ್ಲಿ ಕೊಟ್ರಿ?" ಎಂದು ಪೀಡಿಸುತ್ತಾರೆ. ಹಾಗಾದಾಗ ಅತ್ತೆಯೇ, "ಹೇಳಪ್ಪಾ, ಕೇಳ್ತಿದಾರೆ, ಸಂಕೋಚ ಯಾಕೆ?" ಎನ್ನುತ್ತಾಳೆ, ಬೆಣ್ಣೆಯಂಥ ದನಿಯಲ್ಲಿ. ಅಪ್ಪನ ಹಣೆಯ ಮೇಲೆ ಬೆವರು ಮೂಡುತ್ತದೆ. ಒಂದು ಸಲ ಕತ್ತಿ ಜಾರಿ ಗಿರಾಕಿಯ ಕಿವಿಯ ಹತ್ತಿರ ಗೀರಿಬಿಟ್ಟ. ಈಗ ಅವನು ರೇಡಿಯೋ ಹಾಕಿಕೊಂಡು ಕೆಲಸ ಮಾಡುತ್ತಾನೆ. ಬೀದಿಯಲ್ಲಿ ಅವನನ್ನು ಮೈಕು ಎಂದು ಕರೆಯುವುದು ಕಮ್ಮಿಯಾಗಿದೆ. ವಿನಯವಂತ, ಮಾಡಿದ ಉಪಕಾರ ಹೇಳಿಕೊಳ್ಳುವುದಿಲ್ಲ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿಸಿಕೊಳ್ಳುವಾಗ ಅವನ ಮುಖ ನೋಡಬೇಕು ನೀವು. ನಾನು ರಜೆ ಹಾಕಿ ನೋಡಿದ್ದೇನೆ.

ಕಳೆದ ವಾರ ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ನಾನು ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದೆ. ಅಪ್ಪ ಕನ್ನಡಿ ಒರೆಸುತ್ತಿದ್ದವನು ಬಟ್ಟೆ ಕೆಳಗೆ ಹಾಕಿ ಅತ್ತೆಯ ಮೆಷಿನ್ನಿನ ಹತ್ತಿರ ಹೋಗಿ ನಿಂತ. ತೂಕ ಇಳಿದಿದ್ದಾನೆ. ಈಗ ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾನೆ, ಉಪ್ಪು ಬಿಟ್ಟಿದ್ದಾನೆ. ಬಿಪಿ ಇಳಿದರೆ ನಿಜವಾಗಿ ಒಮ್ಮೆ ರಕ್ತ ಕೊಡಬಹುದೇ ಎಂದು ಆಸ್ಪತ್ರೆಗೆ ಹೋಗಿ ಕೇಳಿ ಬಂದನಂತೆ. ಇನ್ನೂ ಬೇಡ ಎಂದು ಕಳಿಸಿದರಂತೆ.

"ಅಕ್ಕಾ, ಹೇಳಿಬಿಡು" ಎಂದ. "ಎಲ್ಲರ ಮುಂದೆ ಹೇಳಿಬಿಡು. ಉಗಿಯೋರು ಉಗೀಲಿ. ಹಿಂಗೆ ಆಗಲ್ಲ ನನ್ನ ಕೈಲಿ."

ನನಗೆ, ಸುಳ್ಳೇಕೆ ಹೇಳಲಿ, ಒಂದು ಕ್ಷಣ ಅಯ್ಯೋ ಎನಿಸಿತು. ಅತ್ತೆ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು, ಕಪ್ಪು ದಾರವನ್ನು ನಾಲಿಗೆಯಿಂದ ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿದಳು.

"ಏನನ್ನ ಹೇಳಬೇಕು?" ಎಂದಳು. "ನೀನು ರಕ್ತ ಕೊಟ್ಟಿದ್ದಾ? ಅದು ಊರಿಗೇ ಗೊತ್ತಲ್ಲ."

ಬಾಗಿಲಲ್ಲಿ ಯಾರೋ ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅಪ್ಪ ಬಿಳಿ ಬಟ್ಟೆ ಕೊಡವಿಕೊಂಡು ಕುರ್ಚಿಯ ಹಿಂದೆ ಹೋಗಿ ನಿಂತ. ಅತ್ತೆಯ ಮೆಷಿನ್ನು ಓಡಲು ಶುರುವಾಯಿತು.